ಸಂಹಿತಾಳ ಸೀಟೂ ನನ್ನ ಪರ್ಸೆಂಟೂ

ಮನುಷ್ಯ ಇನ್ನೆಷ್ಟು ವರ್ಷ ಬದುಕಬಹುದು ಎಂದು ಅವನ ಮುಖವನ್ನೂ ನೋಡದೆ ಅಂದಾಜು ಮಾಡುವವನು ನಾನು. ಜೀವವಿಮೆ ಕಚೇರಿಯಲ್ಲಿ ನನ್ನ ಕೆಲಸವೇ ಅದು. ಯಮಧರ್ಮನ ಲೆಕ್ಕವನ್ನೇ ಮುಂಚಿತವಾಗಿ ಇಣುಕಿ ನೋಡುವ ಈ ಅನಂತರಾಮುವಿಗೆ ಒಂದು ಕಾಲೇಜು ಸೀಟಿನ ಲೆಕ್ಕ ಯಾವ ಮಹಾ! ಒಂದು ಭಾನುವಾರ ಬೆಳಗ್ಗೆ, ಜೀವನ್ ಬಿಮಾ ನಗರದ ನಮ್ಮ ಮನೆಯ ಜಗುಲಿಯಲ್ಲಿ ಕಾಫಿ ಲೋಟ ಎತ್ತಿ ಘೋಷಿಸಿಯೇಬಿಟ್ಟೆ: "ಸಂಹಿತಾಗೆ ಸೀಟು ಸಿಗುತ್ತೋ ಇಲ್ವೋ, ಇಂಟರ್‌ವ್ಯೂಗೆ ಮುಂಚೇನೇ ನಾನು ಹೇಳ್ತೀನಿ!"

ಅದು ಅಂತಿಂಥ ಕಾಲೇಜಲ್ಲ, ಡಿಸೈನ್ ಕಾಲೇಜು. ಹೆಸರು ಹೇಳಿದರೆ ದೃಷ್ಟಿಯಾಗುತ್ತದೆ ಎಂದು ಹೆಂಡತಿ ಅಂಬುಜಾ ಆಣೆ ಹಾಕಿಸಿದ್ದಾಳೆ, ಹೇಳಲಾರೆ. ದೇಶದ ಮಕ್ಕಳೆಲ್ಲ ಪರೀಕ್ಷೆ ಬರೆಯುತ್ತಾರೆ. ತೆಗೆದುಕೊಳ್ಳುವುದು ಒಂದು ಸಿಟಿ ಬಸ್ಸಿನಲ್ಲಿ ಕೂರುವಷ್ಟು ಮಕ್ಕಳನ್ನು. ನಿಂತವರಿಗೆ ಜಾಗವಿಲ್ಲ! ಮಗಳು ಪ್ರವೇಶ ಪರೀಕ್ಷೆ ದಾಟಿದ್ದಳು, ಸಂದರ್ಶನವೊಂದು ಬಾಕಿ. ಹೈಸ್ಕೂಲಿನಿಂದಲೂ ಅವಳು ಬೇರೆ ಯಾವ ಕಾಲೇಜಿನ ಕನಸನ್ನೂ ಕಂಡವಳಲ್ಲ. ನಿಜ ಹೇಳಬೇಕೆಂದರೆ ಅವಳಿಗಿಂತ ಹೆಚ್ಚು ಕಂಡವನು ನಾನು. ನದಿಯ ದಂಡೆ, ಬೇವಿನ ಮರಗಳ ಸಾಲು, ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡು ನೆರಳಿನಿಂದ ನೆರಳಿಗೆ ನಡೆದುಹೋಗುವ ಮಗಳು, ಅವಳ ಹಿಂದೆ ಒಂದು ನವಿಲು... ಹೀಗೇ ಕನಸುತ್ತಾ ಇಂದಿರಾನಗರದಲ್ಲಿ ಮೆಟ್ರೋ ಇಳಿಯಬೇಕಾದವನು ಕೆ.ಆರ್. ಪುರ ತಲುಪಿದ್ದೆ. ನವಿಲಿನ ಬದಲು ತೂಗುಸೇತುವೆ ಕಂಡಾಗಲೇ ಎಚ್ಚರ!

ಲೆಕ್ಕ ಶುರುವಾಯಿತು. ನನಗೆ ಗೊತ್ತಿರುವುದು ಒಂದೇ ವಿಧಾನ, ವಿಮೆಯ ವಿಧಾನ.

"ಪುಟ್ಟಾ, ನಿದ್ದೆ ಸರಿಯಾಗಿ ಬರುತ್ತಾ?"

"ಬರುತ್ತಪ್ಪಾ."

"ಹಿಂದೆ ಯಾವುದಾದರೂ ದೊಡ್ಡ ಕಾಯಿಲೆ? ಆಪರೇಷನ್ನು?"

ಅಂಬುಜಾ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು. "ರೀ, ಮಗಳಿಗೆ ಸೀಟು ಕೊಡಿಸ್ತಿದ್ದೀರೋ, ಡೆತ್ ಕ್ಲೇಮ್ ಕೊಡಿಸ್ತಿದ್ದೀರೋ?"

"ರಿಸ್ಕ್ ನೋಡ್ಬೇಕಲ್ಲೇ!"

"ಈ ಮನೇಲಿರೋ ರಿಸ್ಕು ನೀವೊಬ್ಬರೇ!"

ನಾನು ಜಗ್ಗಲಿಲ್ಲ. ಎಂಬತ್ತು ಪರ್ಸೆಂಟ್ ಎಂದು ತೀರ್ಪಿತ್ತೆ. ಮಗಳು ಚಿತ್ರ ಬರೆಯಲು ಕೂತರೆ ಬೆನ್ನ ಹಿಂದೆ ನಿಂತೆ. ಅವಳು ಸೀನಿದರೆ ಪರ್ಸೆಂಟ್ ಇಳಿಸಿದೆ, ಎರಡನೇ ಸಲ ಅನ್ನ ಹಾಕಿಸಿಕೊಂಡರೆ ಏರಿಸಿದೆ. ಷೇರುಪೇಟೆಯೂ ಅಷ್ಟು ಚುರುಕಾಗಿರಲಿಲ್ಲ!

ಮೂರ್ನಾಲ್ಕು ದಿನ ಕಳೆದ ಮೇಲೆ ಸಂಹಿತಾ ಜೇನಿನಂಥ ದನಿಯಲ್ಲಿ ಅಂದಳು: "ಅಪ್ಪಾ, ನನ್ನೊಬ್ಬಳನ್ನೇ ನೋಡಿದ್ರೆ ಲೆಕ್ಕ ಪೂರ್ತಿ ಆಗುತ್ತಾ? ಎದುರಾಳಿ ಎಷ್ಟು ಗಟ್ಟಿ ಅಂತ ನೋಡ್ಬೇಡ್ವಾ? ಮಿಸ್ಬಾಗೂ ಅದೇ ಕಾಲೇಜಿಂದ ಇಂಟರ್‌ವ್ಯೂ ಬಂದಿದೆ."

ಎಂಥ ಮಾತು! ಮಗಳಲ್ಲಿಯೂ ವಿಮೆಯ ರಕ್ತ ಹರಿಯುತ್ತಿದೆಯಲ್ಲ ಎಂದು ನನ್ನ ಕಣ್ಣು ತುಂಬಿಬಂತು. ಮಿಸ್ಬಾ ಅವಳ ಕ್ಲಾಸಿನ ಗೆಳತಿ. ಮನೆ ಪುಲಿಕೇಶಿನಗರದಲ್ಲಿ, ಮಸೀದಿ ರಸ್ತೆಯ ಹಿಂದೆ. ಶನಿವಾರ ಮಧ್ಯಾಹ್ನವೇ ಬೇಹುಗಾರಿಕೆಗೆ ಹೊರಟೆ.

ಬಾಗಿಲು ತೆಗೆದದ್ದು ಅವಳ ತಂದೆ ಸನಾವುಲ್ಲಾ. ಶಿವಾಜಿನಗರದಲ್ಲಿ ಲೇಸು, ಗುಂಡಿಗಳ ವ್ಯಾಪಾರಿ. "ಬನ್ನಿ ಸಾರ್, ಬನ್ನಿ! ಪಾಲಿಸಿ ಒಂದು ಬೇಡ, ಚಹಾ ಕುಡಿಯೋಣ!"

ಒಳಗೆ ಹೋದವನು ನಿಂತಲ್ಲೇ ನಿಂತೆ. ಅಂಗಡಿಯಲ್ಲಿ ಮಿಕ್ಕ ಗಾಜಿನ ಗುಂಡಿಗಳನ್ನು ಪೋಣಿಸಿ ಮಿಸ್ಬಾ ಪಡುವಣ ಕಿಟಕಿಗೆ ಒಂದು ಪರದೆ ಮಾಡಿದ್ದಳು. ಅದರೊಳಗಿಂದ ಬಿಸಿಲು ಬಣ್ಣವಾಗಿ ಇಳಿದು ನೆಲದ ಮೇಲೆ ತೆವಳುತ್ತಿತ್ತು. ಕಣ್ಣು ಮಂಜಾದ ಅಜ್ಜಿ ಸಾಲೇಹಾ, ಕೆಂಪು ಬಣ್ಣ ತಮ್ಮ ಮಡಿಲಿಗೆ ಬಂದರೆ ಇಳಿಮಧ್ಯಾಹ್ನದ ಅಸರ್ ನಮಾಜಿನ ಹೊತ್ತಾಯಿತು ಎಂದು ತಿಳಿಯುತ್ತಾರಂತೆ. ನನ್ನ ಬಿಳಿ ಅಂಗಿಯ ಮೇಲೂ ಹಸಿರು, ನೀಲಿ ಚುಕ್ಕಿಗಳು ತೇಲಿದವು. ಬಂದ ಕೆಲಸವೇ ಮರೆತುಹೋಯಿತು. ನೆನಪಾದಾಗ ಸಂಹಿತಾ ಐವತ್ತಕ್ಕೆ ಇಳಿದಿದ್ದಳು!

ಅಷ್ಟರಲ್ಲಿ ಮಿಸ್ಬಾ ತಲೆ ತಗ್ಗಿಸಿ ಅಂದಳು: "ನಾನು ಇಂಟರ್‌ವ್ಯೂಗೆ ಹೋಗಲ್ಲ ಅಂಕಲ್. ಭಯ. ಮಾತೇ ಬರಲ್ಲ."

ನನ್ನೆದೆಯೊಳಗಿನ ಪರ್ಸೆಂಟ್ ಮುಳ್ಳು ತೊಂಬತ್ತಕ್ಕೆ ಜಿಗಿಯಿತು! ಬುದ್ಧಿಯಿದ್ದ ಅಪ್ಪನಾಗಿದ್ದರೆ ಚಹಾ ಮುಗಿಸಿ, ಖುದಾ ಹಾಫಿಜ್ ಹೇಳಿ ಎದ್ದುಬರುತ್ತಿದ್ದ. ಆದರೆ ಆ ಪರದೆ ಮಾಡಿದ ಹುಡುಗಿ ಮನೆಯಲ್ಲೇ ಉಳಿಯುವುದೇ? ಹಾಳು ನಾಲಿಗೆ ನನ್ನನ್ನು ಕೇಳದೆ ನುಡಿಯಿತು: "ಛೆ, ಹಾಗನ್ಬೇಡಮ್ಮಾ! ನಾನು ಹೇಳ್ಕೊಡ್ತೀನಿ!"

ಅಂದಿನಿಂದ ದಿನಾ ಸಂಜೆ ಕಚೇರಿಯಿಂದ ನೇರ ಪುಲಿಕೇಶಿನಗರ. ನಾನು ಹಿರಿಯ ಪ್ರೊಫೆಸರ್, ಸನಾವುಲ್ಲಾ ಕಿರಿಯ ಪ್ರೊಫೆಸರ್. "ನಿನ್ನ ಹೆಸರೇನು?" ಎಂದು ನಾನು ಗುಡುಗಿದರೆ ಅಜ್ಜಿ ಊರುಗೋಲು ಕುಟ್ಟುತ್ತಿದ್ದರು: "ಅರೆ ಸಾಬ್, ಬಚ್ಚಿಕು ಡರಾವ್ ನಕ್ಕೋ!" ಮಗುವನ್ನು ಹೆದರಿಸಿದ ತಪ್ಪಿಗೆ ತಾಯಿ ಪರ್ವೀನ್ ನನ್ನ ತಟ್ಟೆಗೆ ಇನ್ನೊಂದು ಸಮೋಸ ಹಾಕುತ್ತಿದ್ದರು. ಇಂಥ ಶಿಕ್ಷೆ ಯಾರಿಗೆ ಬೇಡ?

"ನಮ್ಮ ಮಗಳ ಚಾನ್ಸ್ ಎಲ್ಲಿಗೆ ಬಂತು?" ಅಂಬುಜಾ ಕೇಳಿದಳು.

"ಸ್ವಲ್ಪ ಇಳಿದಿದೆ."

"ಯಾರು ಇಳಿಸಿದ್ದು?"

"ನಾನೇ."

"ಭೇಷ್! ಅವರ ಮನೆಗೆ ಪಾಲಿಸಿ, ನಮ್ಮನೆಗೆ ಪ್ರೀಮಿಯಮ್ಮು!"

ಆಮೇಲೆ ನನ್ನ ಕನಸೂ ಕೆಟ್ಟಿತು. ಬೇವಿನ ನೆರಳಲ್ಲಿ ಈಗ ಮಿಸ್ಬಾ ನಡೆಯುತ್ತಿದ್ದಳು, ನವಿಲೂ ಅವಳ ಕಡೆಗೇ. ಸಂಹಿತಾ ಗೇಟಿನಾಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ಹೆತ್ತ ಮಗಳ ಸೀಟನ್ನು ಸಮೋಸಕ್ಕೆ ಮಾರಿದೆನಲ್ಲ! ಫಲಿತಾಂಶದ ದಿನದವರೆಗೂ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಇಬ್ಬರ ಇಂಟರ್‌ವ್ಯೂವೂ ಮುಗಿದು ಫಲಿತಾಂಶ ಬಂತು. ಇಬ್ಬರಿಗೂ ಸೀಟು!

ಎರಡೂ ಮನೆಯವರು ಸನಾವುಲ್ಲಾರ ನಡುಮನೆಯಲ್ಲಿ ಸೇರಿದೆವು. ಎದೆಯುಬ್ಬಿಸಿ ಎದ್ದುನಿಂತೆ. "ನೋಡಿ, ಒಬ್ಬಳಿಗೆ ನನ್ನ ರಕ್ತ, ಇನ್ನೊಬ್ಬಳಿಗೆ ನನ್ನ ತರಬೇತಿ!"

ಹುಡುಗಿಯರಿಬ್ಬರೂ ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು.

"ಏನ್ರಮ್ಮಾ ನಗು?"

"ಸಾರಿ ಅಂಕಲ್," ಎಂದಳು ಮಿಸ್ಬಾ, "ನನಗೆ ಭಯ ಗಿಯ ಏನೂ ಇರಲಿಲ್ಲ."

"ಮತ್ತೆ?"

ಸಂಹಿತಾ ನನ್ನ ತೋಳು ಹಿಡಿದುಕೊಂಡಳು. "ನೀವು ಬೆನ್ನ ಹಿಂದೆ ನಿಂತಿದ್ರೆ ನನಗೆ ಒಂದು ಗೆರೆ ಎಳೆಯೋಕೂ ಆಗ್ತಿರಲಿಲ್ಲಪ್ಪಾ. ಸಂಜೆ ಹೊತ್ತು ಒಬ್ಬಳು ಪ್ರಾಕ್ಟೀಸ್ ಮಾಡ್ಬೇಕು, ಇನ್ನೊಬ್ಬಳು ನಿಮ್ಮನ್ನ ನೋಡ್ಕೋಬೇಕು ಅಂತ ಟಾಸ್ ಹಾಕಿದ್ವಿ."

"ಗೆದ್ದೋಳಿಗೆ ನಾನು ಅಂತಾನಾ?" ಆಸೆಯಿಂದ ಕೇಳಿದೆ.

ಮಿಸ್ಬಾ ನನ್ನ ತಟ್ಟೆಗೆ ಒಂದು ಸಮೋಸ ಇಡುತ್ತಾ ಮೆಲ್ಲಗೆ ಅಂದಳು:

"ನಾನು ಸೋತೆ ಅಂಕಲ್."