ಪ್ರಿನ್ಸ್ ಬಿದ್ದ ಫಲ

ತುಮಕೂರಿನ ಉಪ್ಪಾರಹಳ್ಳಿಯ ಸದಾಶಿವಯ್ಯನವರು ಶನಿವಾರ ಸಾಯಂಕಾಲ "ಆಗಲ್ಲ ಸಾರ್" ಅಂದಿದ್ದರೆ ಭಾನುವಾರ ಹತ್ತು ಗಂಟೆಯವರೆಗೆ ಮಲಗಬಹುದಿತ್ತು. ಆದರೆ ಹದಿನೆಂಟು ವರ್ಷದ ಸರ್ವೀಸಿನಲ್ಲಿ ಅವರ ಬಾಯಿಗೆ ರೂಢಿಯಾಗಿದ್ದು "ಆಗ್ಲಿ ಸಾರ್" ಒಂದೇ. ಒಂದಕ್ಷರದ ವ್ಯತ್ಯಾಸ. ಫಲ ಮಾತ್ರ ನಾಲ್ಕಡಿ ಉದ್ದ.

ಆ ಫಲ ಭಾನುವಾರ ಬೆಳಿಗ್ಗೆ ಏಳಕ್ಕೆ ಹೆಡ್ಡಾಫೀಸಿನ ಮ್ಯಾನೇಜರ್ ಅಂಜನ್‌ಕುಮಾರ್ ಅವರ ಕಾರಿನಿಂದ ಪಂಜರದ ಸಮೇತ ಇಳಿಯಿತು. ಹಸಿರು ಮೈ, ಬೆನ್ನುದ್ದಕ್ಕೂ ಗರಗಸದ ಹಲ್ಲು, ಗಲ್ಲದ ಕೆಳಗೆ ಜೋತುಬಿದ್ದ ತೊಗಲು, ಮುಖದ ತುಂಬ ರಜಾ ಅರ್ಜಿ ತಿರಸ್ಕರಿಸುವ ಗತ್ತು.

"ಇವ್ನು ಪ್ರಿನ್ಸ್. ಗ್ರೀನ್ ಇಗ್ವಾನಾ. ಸರ್ಕಾರದಲ್ಲಿ ರಿಜಿಸ್ಟರ್ ಆಗಿದಾನೆ, ಪೇಪರ್ಸ್ ಎಲ್ಲಾ ಪಕ್ಕಾ," ಅಂದರು ಮ್ಯಾನೇಜರ್. ಎರಡು ವರ್ಷದಿಂದ ಇನ್ಶೂರೆನ್ಸ್ ಇಲ್ಲದ ಸ್ಕೂಟರಿನ ಪಕ್ಕ ನಿಂತಿದ್ದ ಸದಾಶಿವಯ್ಯನವರಿಗೆ ಪ್ರಿನ್ಸಿನ ಮುಂದೆ ಸ್ವಲ್ಪ ಕೀಳರಿಮೆಯಾಯಿತು.

"ಅಮೃತೂರಲ್ಲಿ ನಮ್ಮ ಭಾಮೈದನ ಗೃಹಪ್ರವೇಶ. ಸಂಜೆ ಆರಕ್ಕೆ ಬಂದ್ಬಿಡ್ತೀನಿ. ಹೋದ್ಸಲ ಇವ್ನನ್ನ ಕರ್ಕೊಂಡ್ ಹೋಗಿದ್ದೆ, ನಮ್ಮತ್ತೆ ಮೂರ್ ದಿನ ಜ್ವರ ಬಂದ್ ಮಲಗಿದ್ರು." ಮ್ಯಾನೇಜರ್ ಲ್ಯಾಮಿನೇಟ್ ಮಾಡಿಸಿದ ಸೂಚನಾ ಪತ್ರ ಕೈಗಿಟ್ಟರು. "ಅದು ಸರಿ, ನಿಮ್ಮ ಟ್ರಾನ್ಸ್‌ಫರ್ ಲೆಟರ್ ರೆಡಿ ಇದೆ. ಪ್ರಿನ್ಸ್ ಸಂಜೆ ಹೆಲ್ದಿಯಾಗಿ ಕೈಗ್ ಬಂದ್ರೆ, ಲೆಟರ್ ನಿಮ್ ಕೈಗ್ ಬರುತ್ತೆ. ಏನಂತೀರಾ?"

"ಆಗ್ಲಿ ಸಾರ್."

ಈ ಲೆಟರಿನ ಮಹಿಮೆ ಹೇಳಲೇಬೇಕು. ಸದಾಶಿವಯ್ಯನವರು ಸಹಕಾರ ಸಂಘವೊಂದರ ಸಿ.ಎಸ್. ಪುರ ಶಾಖೆಯಲ್ಲಿ ಗುಮಾಸ್ತರು. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ತುಮಕೂರಿಂದ ಗುಬ್ಬಿಗೊಂದು ಬಸ್ಸು, ಗುಬ್ಬಿಯಿಂದ ಸಿ.ಎಸ್. ಪುರಕ್ಕೊಂದು ಬಸ್ಸು. ಸಂಜೆ ಅದೇ ಸಿನಿಮಾ ಹಿಂದುಮುಂದಾಗಿ. ಅವರ ಬಲಗೈ ಊಟಕ್ಕಿಂತ ಹೆಚ್ಚು ಹೊತ್ತು ಬಸ್ಸಿನ ಕಂಬಿ ಹಿಡಿದಿತ್ತು. ಈಗ ತುಮಕೂರಿನ ಹೆಡ್ಡಾಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಮನೆಯಿಂದ ನಡೆದರೆ ಹನ್ನೆರಡು ನಿಮಿಷ. ಅವರು ಅದನ್ನು ಎರಡು ಸಲ ನಡೆದು ನೋಡಿಯೂ ಬಂದಿದ್ದರು.

ಎಂಟು ಗಂಟೆಗೆ ಕರೆಂಟು ಹೋಯಿತು.

ಸೂಚನಾ ಪತ್ರದ ಮೊದಲನೇ ಸಾಲೇ, 'ಬಿಸಿ ಲೈಟು ಆರಬಾರದು.' ಎರಡನೇದು, 'ಹಾಲು, ಅನ್ನ, ಮೊಟ್ಟೆ ಕೊಡಬಾರದು.' ಮೂರನೇದನ್ನು ಕೆಂಪಕ್ಷರದಲ್ಲಿ ಬರೆದಿತ್ತು: 'ಬಾಲ ಹಿಡಿದು ಎಳೆಯಬಾರದು, ಕಳಚಿ ಕೈಗೆ ಬರುತ್ತದೆ.'

ಒಂಬತ್ತರ ಹೊತ್ತಿಗೆ ಪ್ರಿನ್ಸಿನ ಹಸಿರು ಬಣ್ಣ ಕಂದಿ, ಹಳೇ ಬಾಳೆಲೆ ಥರ ಕಪ್ಪಿಟ್ಟಿತು. ಕೊತ್ತಂಬರಿ ಕೊಟ್ಟರೆ ಮುಖ ಆ ಕಡೆ. ಸೌತೆಕಾಯಿ ಕೊಟ್ಟರೆ ಮುಖ ಈ ಕಡೆ.

"ಒಂಚೂರು ಉಪ್ಪಿಟ್ ಇಡ್ಲಾ?" ಅಂದರು ಹೆಂಡತಿ ದಾಕ್ಷಾಯಣಿ.

"ಲೇ, ಅದು ಹಲ್ಲಿ ಜಾತಿ ಕಣೇ. ಉಪ್ಪಿಟ್ ತಿನ್ನುತ್ತಾ?"

"ನೀವೂ ಮುಖ ಹಂಗೇ ಮಾಡ್ತೀರಾ, ಆಮೇಲ್ ಎರಡ್ನೇ ಸಲ ಹಾಕಿಸ್ಕೊಳಲ್ವಾ?"

ಬಿಸಿಲಿಗಾದರೂ ಬಿಡೋಣವೆಂದು ಸದಾಶಿವಯ್ಯ ಪಂಜರದ ಬಾಗಿಲು ತೆಗೆದು, ಪ್ರಿನ್ಸನ್ನು ಕೂಸು ಎತ್ತಿದ ಹಾಗೆ ಎತ್ತಿಕೊಂಡರು. ಅದೇ ಗಳಿಗೆಗೆ ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಹೆಪ್ಪು ಕೇಳಲು ಲೋಟ ಹಿಡಿದು ಒಳಗೆ ಬಂದರು. ಬಂದವರು ಕಿರುಚಿದ ಕಿರುಚಿಗೆ ಲೋಟ ಬಿತ್ತು. ಲೋಟದ ಸದ್ದಿಗೆ ಪ್ರಿನ್ಸ್ ಬಿತ್ತು. ನೇರವಾಗಿ ಸದಾಶಿವಯ್ಯನವರ ಬಲಪಾದದ ಮೇಲೆ! ಅಲ್ಲಿಂದ ಪರದೆ ಹಿಡಿದು ಸರಸರ ಹತ್ತಿ, ಹಾಲಿನ ಸಜ್ಜಾ ಮೇಲೆ ಕೆಟ್ಟ ಮಿಕ್ಸಿಯ ಪಕ್ಕ ಕೂತುಬಿಟ್ಟಿತು.

ಗಂಗಲಕ್ಷ್ಮಮ್ಮನವರಿಗೆ ಉಸಿರು ಬಂದ ಮೇಲೆ ಬಂದ ಮೊದಲನೇ ಮಾತು, "ಎಲ್ಲಿ ಬಿತ್ತು ಅದು?"

"ಪಾದದ ಮೇಲೆ. ಯಾಕೆ?"

"ಬಲಾನಾ ಎಡಾನಾ? ಅಲ್ಲಾಡ್ಬೇಡಿ, ಪಂಚಾಂಗ ತತ್ತೀನಿ!"

ಹಲ್ಲಿ ಬಿದ್ದ ಫಲದ ಪುಟ ಅವರಿಗೆ ಸ್ವಂತ ಫೋನ್ ನಂಬರಿಗಿಂತ ಚೆನ್ನಾಗಿ ಗೊತ್ತು. ಆದರೂ ಕನ್ನಡಕ ಹಾಕಿ, ಬೆರಳಿಟ್ಟು ಓದಿದರು. "ತಲೆ, ಕಲಹ. ಬಲಭುಜ, ಜಯ. ಪಾದ..." ತಲೆ ಎತ್ತಿ ಸದಾಶಿವಯ್ಯನವರನ್ನು ಮರುಕದಿಂದ ನೋಡಿದರು. "ಪಾದ, ಪ್ರಯಾಣ."

ಸದಾಶಿವಯ್ಯನವರ ಕಣ್ಣ ಮುಂದೆ ಗುಬ್ಬಿ ಬಸ್ಸು ಹಾರನ್ ಹೊಡೆಯುತ್ತ ಹಾದುಹೋಯಿತು. "ಗಂಗಲಕ್ಷ್ಮಮ್ಮನೋರೆ, ಅದು ಹಲ್ಲಿ ಅಲ್ಲ. ಇಗ್ವಾನಾ. ಫಾರಿನ್ನು!"

"ಹಲ್ಲಿ ಅಂದ್ರೆ ಹಲ್ಲೀನೇ. ಸೈಜ್ ಜಾಸ್ತಿ ಆದ್ರೆ ಫಲಾನೂ ಜಾಸ್ತಿ. ಗೋಡೆ ಹಲ್ಲಿ ಬಿದ್ರೆ ಒಂದ್ಸಲ ಪ್ರಯಾಣ. ಇದು ಬಿದ್ರೆ ಲೆಕ್ಕ ಹಾಕ್ಕೊಳಿ!"

"ಪರಿಹಾರ?"

"ಕಂಚೀಲಿ ಬಂಗಾರದ ಹಲ್ಲಿ ಮುಟ್ಟಿ ಬಂದೋರ್ನ ಮುಟ್ಬೇಕು. ಯಾರವ್ರೆ ನಮ್ ಬೀದೀಲಿ?"

ಸದಾಶಿವಯ್ಯ ಗೋಡೆಯ ಮೇಲಿನ ಫೋಟೋ ನೋಡಿದರು. ದಾಕ್ಷಾಯಣಿ, ಹತ್ತು ವರ್ಷದ ಹಿಂದೆ, ಮಹಿಳಾ ಸಂಘದ ಟೂರು, ಕಂಚಿಯ ಗೋಪುರದ ಮುಂದೆ. ಅವರು ಅಡುಗೆಮನೆಗೆ ಓಡಿ ಹಿಟ್ಟಿನ ಕೈಯಲ್ಲಿದ್ದ ಹೆಂಡತಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಥೂ, ಏನ್ರೀ ಇದು, ಗಂಗಲಕ್ಷ್ಮಮ್ಮ ಇಲ್ಲೇ ಅವ್ರೆ!" ಅಂದರು ದಾಕ್ಷಾಯಣಿ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಗಂಡ ಹೀಗೆ ಹಿಡಿದಿದ್ದು ಇದೇ ಮೊದಲು. ಕಾರಣ ಕೇಳಿದ ಮೇಲೆ ಅವರ ಮುಖ ಯಾಕೋ ಪ್ರಿನ್ಸಿನ ಹಾಗೆ ಎರಡು ಬಣ್ಣ ಬದಲಾಯಿಸಿತು. ಏನೋ ಹೇಳಲು ಬಾಯಿ ತೆಗೆದು, ಗಂಗಲಕ್ಷ್ಮಮ್ಮನವರನ್ನು ನೋಡಿ, ಮುಚ್ಚಿಕೊಂಡರು.

ಹೆಪ್ಪು ಒಯ್ಯುವುದನ್ನು ಮರೆತ ಗಂಗಲಕ್ಷ್ಮಮ್ಮ ಸುದ್ದಿ ಒಯ್ಯುವುದನ್ನು ಮರೆಯಲಿಲ್ಲ. ಹತ್ತೂವರೆಗೆ ನಿವೃತ್ತ ಹೆಡ್‌ಮಾಸ್ಟರ್ ಮಹಾಲಿಂಗಯ್ಯ ಬನಿಯನ್ನಿನಲ್ಲೇ ಬಂದರು. ಮುಂದಿನ ಭಾನುವಾರ ಬಡಾವಣೆಯ ನಾಗರಿಕರ ಸಮಿತಿಯ ಎಲೆಕ್ಷನ್ನು. ಅವರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಈಗ ಸಜ್ಜಾದ ಕೆಳಗೆ ನಿಂತರು.

"ಸದಾಶಿವಯ್ಯ, ನೀವೇನೂ ಮಾಡ್ಬೇಡಿ. ನಾನು ಹಿಂಗೇ ನಿಂತಿರ್ತೀನಿ. ಅದಾಗೇ ಬೀಳ್ಲಿ." ಹೀಗೆ ಹೇಳಿ ಬನಿಯನ್ನನ್ನೂ ಬಿಚ್ಚಿ, ಬಲಭುಜವನ್ನು ತಟ್ಟೆ ಹಿಡಿದ ಹಾಗೆ ಮುಂದೆ ಚಾಚಿದರು.

"ಬನೀನ್ ಯಾಕ್ ಬಿಚ್ಚಿದ್ರಿ ಮೇಷ್ಟ್ರೆ?"

"ಬಟ್ಟೆ ಮೇಲೆ ಬಿದ್ರೆ ಫಲ ಬಟ್ಟೆಗ್ ಹೋಗುತ್ತಂತೆ."

ಹನ್ನೊಂದಕ್ಕೆ ಹಾಲಿನಲ್ಲಿ ಒಂಬತ್ತು ಜನ. ಎಲ್ಲರ ಬಲಭುಜವೂ ಮೇಲೆ, ಎಲ್ಲರ ಕತ್ತೂ ಎಡಕ್ಕೆ. ಸ್ಟುಡಿಯೋದಲ್ಲಿ ಗ್ರೂಪ್ ಫೋಟೋಗೆ ನಿಂತವರ ಹಾಗೆ. ಪ್ರಿನ್ಸ್ ಮೇಲಿಂದ ಎಲ್ಲರನ್ನೂ ಒಂದೊಂದೇ ಕಣ್ಣಲ್ಲಿ ನೋಡಿ, ಎರಡೂ ಕಣ್ಣು ಮುಚ್ಚಿತು.

"ಜೇಡ ಹೊಡ್ಯೋ ಕೋಲ್ ಕೊಡ್ರೀ, ಒಂಚೂರ್ ತಟ್ಟೋಣ," ಅಂದರು ಗಂಗಲಕ್ಷ್ಮಮ್ಮ.

"ಬೇಡ್ರಮ್ಮಾ! ಬಾಲ ಕಳಚ್ಕೊಂಡ್ರೆ ನನ್ ಟ್ರಾನ್ಸ್‌ಫರ್ ಕಳಚ್ಕೊಂಡಂಗೆ!" ಸದಾಶಿವಯ್ಯ ಸ್ಟೂಲು ಹತ್ತಿ ಪ್ರಿನ್ಸಿಗೆ ಅಡ್ಡ ಕೈ ಚಾಚಿದರು. ಅಷ್ಟರಲ್ಲಿ ಗಂಗಲಕ್ಷ್ಮಮ್ಮ ಚಾಚಿದ ಕೋಲು ಮಿಕ್ಸಿಗೆ ತಗುಲಿತು. ಮಿಕ್ಸಿ ಢಣ್ ಅಂದಿತು. ಪ್ರಿನ್ಸ್ ಕಾಲು ನಾಲ್ಕನ್ನೂ ಹರಡಿಕೊಂಡು ಹಾರಿತು.

ಬಿದ್ದಿದ್ದು ಮಹಾಲಿಂಗಯ್ಯನವರ ಮೇಲೇ. ಆದರೆ ಭುಜಕ್ಕಲ್ಲ. ತಲೆಗೆ, ಒಂದು ಕೂದಲಿನ ಆಸರೆಯೂ ಇಲ್ಲದ ನುಣ್ಣನೆ ತಲೆಗೆ. ಪ್ರಿನ್ಸ್ ಅಲ್ಲಿ ಜಾರದೆ ಇರಲು ಉಗುರಿನ ಸಹಾಯ ಪಡೆಯಿತು.

"ಅಯ್ಯಯ್ಯಪ್ಪೋ! ಬೇಕಂತ ಬೀಳ್ಸಿದೀಯಾ ಕಣಮ್ಮಾ! ನೀನು ಆ ಎದುರು ಪಾರ್ಟಿ ಕಡೇವ್ಳು!"

"ಯಾರ್ರೀ ಎದುರು ಪಾರ್ಟಿ? ನಾಲ್ಕ್ ಸಲ ಪಾರ್ಕ್ ಬೆಂಚು ಕೇಳ್ದಾಗ ಎಲ್ಲೋಗಿದ್ರಿ?"

"ಬೆಂಚು! ನಿಮ್ಮನೆ ಮುಂದೇನೇ ಹಾಕ್ಬೇಕಿತ್ತಾ?"

ಐದು ನಿಮಿಷ ಜಗಳ ನಡೆಯಿತು. ಮಧ್ಯದಲ್ಲಿ ಯಾರೋ ಪಿಸುಗುಟ್ಟಿದರು, "ನೋಡ್ದಾ? ತಲೆ, ಕಲಹ." ಜಗಳ ಆಡುತ್ತಿದ್ದ ಇಬ್ಬರೂ ತಟ್ಟನೆ ನಿಂತರು. ಮುಂದಿನ ಕ್ಷಣ ಎಲ್ಲರೂ ಪರಿಹಾರಕ್ಕೆಂದು ದಾಕ್ಷಾಯಣಿಯವರ ಮುಂದೆ ಕ್ಯೂ ನಿಂತರು. ಪರಸ್ತ್ರೀಯ ಕೈ ಮುಟ್ಟುವುದು ಹೇಗೆಂದು ಮೇಷ್ಟ್ರು ಸಂಕೋಚಪಟ್ಟಾಗ, ದಾಕ್ಷಾಯಣಿ ಸಾರಿನ ಸೌಟಿನಲ್ಲಿ ಅವರ ತಲೆ ಮೇಲೆ ಟಣ್ಣೆಂದು ಒಂದು ಮೊಟಕಿದರು.

ಈ ಗದ್ದಲದಲ್ಲಿ ಸೋಫಾದ ಕೆಳಗೆ ಸೇರಿಕೊಂಡಿದ್ದ ಪ್ರಿನ್ಸನ್ನು ಎಳೆದುಕೊಂಡ ಸದಾಶಿವಯ್ಯನವರ ಕೈಗೆ ಅಂಗೈ ಅಗಲದ ಒಂದು ತುಂಡು ಚರ್ಮ ಕಿತ್ತುಬಂತು. ಮ್ಯಾನೇಜರ ಮುದ್ದಿನ ಮಗನ ತೊಗಲು ಸುಲಿದಿದ್ದರು!

ತುಂಡನ್ನು ಪೇಪರಲ್ಲಿ ಸುತ್ತಿಕೊಂಡು ಪಕ್ಕದ ಬೀದಿಯ ಏಜಾಜ್ ಅಹಮದರ ಅಕ್ವೇರಿಯಂ ಅಂಗಡಿಗೆ ಓಡಿದರು. ಮೀನು, ಆಮೆಗಳ ಮಧ್ಯೆ ಬದುಕುವ ಏಜಾಜ್ ಯಾವುದಕ್ಕೂ ಗಾಬರಿಯಾಗುವ ಆಸಾಮಿಯಲ್ಲ. ತುಂಡನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು.

"ಪೊರೆ ಬಿಡ್ತಾ ಐತೆ ಸಾರ್. ಹಾವು ಬನೀನ್ ಬಿಚ್ಚಿದಂಗೆ ಒಂದೇ ಸಲ ಬಿಚ್ಚುತ್ತೆ. ಇದು ಹಳೇ ಗೋಡೆ ಸುಣ್ಣದಂಗೆ, ಚಕ್ಕೆ ಚಕ್ಕೆ. ನೀವ್ ಕೀಳ್ಬೇಡಿ, ಅದೇ ಬುಡುತ್ತೆ. ಉಗುರ್ ಬೆಚ್ಚಗಿನ ನೀರಲ್ಲಿ ಇಪ್ಪತ್ ನಿಮಿಷ ಕೂರ್ಸಿ. ಆಮೇಲೆ ಬಿಸ್ಲಿಗ್ ಬುಡಿ, ಪಕ್ಕದಲ್ಲಿ ನೆರಳೂ ಇರ್ಲಿ."

"ಏನೂ ತಿಂತಾ ಇಲ್ಲ ಭಾಯ್."

"ಮೈ ತಣ್ಣಗಿದ್ರೆ ಅದುಕ್ಕೆ ತಿಂದಿದ್ದು ಅರಗಲ್ಲ ಸಾರ್. ಮೊದ್ಲು ಬಿಸ್ಲು, ಆಮೇಲ್ ಊಟ. ನುಗ್ಗೆಸೊಪ್ಪು ಕೊಡಿ, ದಾಸವಾಳ ಕೊಡಿ. ಆಮೇಲ್ ಕೈ ಸೋಪಲ್ಲಿ ತೊಳ್ಕೊಳಿ, ಅದರದ್ದಲ್ಲ, ನಿಮ್ದು."

ಸದಾಶಿವಯ್ಯ ಹಾರುತ್ತ ಮನೆಗೆ ಬಂದರು. ಹಸಿರು ಪ್ರಿನ್ಸ್ ಕಾಣಲಿಲ್ಲ. ಹಳದಿ ಪ್ರಿನ್ಸ್ ಮಣೆಯ ಮೇಲೆ ಕೂತಿತ್ತು, ಅರಿಶಿನದ ಶಾಸ್ತ್ರ ಮುಗಿಸಿದ ಮದುಮಗನ ಹಾಗೆ. ಹಣೆಗೆ ಮೂರು ಪಟ್ಟೆ ವಿಭೂತಿ ಬೇರೆ.

"ಚರ್ಮ ಕಿತ್ತೋಗಿತ್ತಲ್ಲ, ಅರಿಶ್ನ ಎಣ್ಣೆ ಹಚ್ಚಿದೀನಿ," ಅಂದರು ಗಂಗಲಕ್ಷ್ಮಮ್ಮ. "ಸುಮ್ನೆ ಹಚ್ಚಿಸ್ಕೊಂತು ಕಣ್ರೀ. ನಮ್ಮನೆಯವ್ರಿಗಿಂತ ವಾಸಿ."

ಗಡಿಯಾರ ಎರಡು ತೋರಿಸುತ್ತಿತ್ತು. ಆಮೇಲೆ ನಡೆದಿದ್ದು ಯುದ್ಧ. ದೊಡ್ಡ ಬೇಸಿನ್ನಿಗೆ ಬೆಚ್ಚಗಿನ ನೀರು ಹುಯ್ದು ಪ್ರಿನ್ಸನ್ನು ಇಳಿಬಿಟ್ಟರು. ಹೋಯಿತೆಂದರೆ ಹೋಗುವ ಬಣ್ಣವೇ ಅದು? ಮೂರು ಬೇಸಿನ್ ನೀರು ಹಳದಿಯಾಯಿತು, ಎರಡು ಟವೆಲ್ಲು ಹಳದಿಯಾಯಿತು, ಸದಾಶಿವಯ್ಯನವರ ಅಂಗೈ ಹಳದಿಯಾಯಿತು. ಆದರೆ ನೆನೆದ ಪೊರೆ ಅರಿಶಿನದ ಸಮೇತ ತಾನಾಗಿ ಬಿಟ್ಟುಕೊಳ್ಳತೊಡಗಿತು. ಒಳಗಿಂದ ಹೊಚ್ಚ ಹೊಸ ಹಸಿರು!

ಮೂರೂವರೆಗೆ ತಾರಸಿ. ಬಿಸಿಲಿಗೆ ಮೈ ಕಾದ ಪ್ರಿನ್ಸ್ ಕಣ್ಣು ತೆಗೆಯಿತು. ನಾಲಿಗೆ ಚಾಚಿತು. ಸರಸರ ಹೋಗಿ, ಗಂಗಲಕ್ಷ್ಮಮ್ಮ ಸಂಜೆಯ ಪೂಜೆಗೆಂದು ಕೊಯ್ದು ಪ್ಯಾರಪೆಟ್ಟಿನ ಮೇಲಿಟ್ಟಿದ್ದ ದಾಸವಾಳದ ಬುಟ್ಟಿಗೆ ಬಾಯಿ ಹಾಕಿತು. ಹದಿನಾಲ್ಕು ಹೂವು. ಹದಿನಾಲ್ಕೂ ಸ್ವಾಹಾ.

"ಅಯ್ಯೋ, ಶಿವನ್ ಹೂವು!" ಅಂದರು ಗಂಗಲಕ್ಷ್ಮಮ್ಮ. ಸ್ವಲ್ಪ ಯೋಚಿಸಿ ಕೈ ಮುಗಿದರು. "ಹೋಗ್ಲಿ ಬುಡಿ. ವಿಭೂತಿ ಹಚ್ಚಿಸ್ಕೊಂಡು, ಸ್ನಾನ ಮಾಡ್ಕೊಂಡೇ ತಿಂದಿದೆ."

ಸರಿಯಾಗಿ ಆರಕ್ಕೆ ಕಾರು ಬಂತು. ಮ್ಯಾನೇಜರ್ ಒಳಗೆ ಬಂದು ಪಂಜರದ ಮುಂದೆ ಕೂತರು. ಪ್ರಿನ್ಸ್ ಈಗಷ್ಟೇ ಶೋರೂಮಿನಿಂದ ಇಳಿಸಿದ ಗಾಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು.

"ಸದಾಶಿವಯ್ಯ! ಆರ್ ತಿಂಗ್ಳಿಂದ ಇವ್ನು ಹಿಂಗ್ ಲಕಲಕ ಅಂದಿಲ್ಲ ಕಣ್ರೀ. ಬೆಂಗ್ಳೂರ್ ಡಾಕ್ಟ್ರಿಗೂ ತೋರಿಸ್ದೆ. ಏನ್ ಮಾಡಿದ್ರಿ?" ಅನ್ನುತ್ತ ಜೇಬಿನಿಂದ ಲೆಟರ್ ತೆಗೆದರು. ಕೆಳಗೆ ಹಸಿರು ಇಂಕಿನಲ್ಲಿ ಸಹಿ. ಆಗಲೇ ಹಾಕಿಯಾಗಿತ್ತು!

ಸದಾಶಿವಯ್ಯನವರ ಹಳದಿ ಕೈ ಲೆಟರಿನ ಕಡೆ ಹೊರಟಿತು. ಕೈ ತಲುಪುವ ಮುಂಚೆ ಬಾಯಿ ಹೊರಟಿತು. "ಏನಿಲ್ಲ ಸಾರ್. ಒಳ್ಳೇ ಬಿಸ್ಲು, ನುಗ್ಗೆಸೊಪ್ಪು, ದಾಸವಾಳ. ನಮಗೆ ಇದೆಲ್ಲ ಗೊತ್ತಿರುತ್ತಲ್ಲ ಸಾರ್. ನಮ್ ಸಿ.ಎಸ್. ಪುರ ಬ್ರಾಂಚ್ ಹಿತ್ತಲಲ್ಲಿ ಮೂರ್ ನುಗ್ಗೆಮರ, ಬೇಲಿ ತುಂಬಾ ದಾಸವಾಳ. ಬಿಸ್ಲು ಅಂತೂ ಬೆಳಿಗ್ಗೆಯಿಂದ ಸಂಜೆವರ್ಗೂ!"

ಲೆಟರ್ ಹಿಡಿದಿದ್ದ ಕೈ ಅಲ್ಲೇ ನಿಂತಿತು. "ಹಿತ್ತಲಲ್ಲಿ?"

"ಹೌದು ಸಾರ್..."

"ಡಾಕ್ಟ್ರು ಅದನ್ನೇ ಹೇಳಿದ್ರು ಕಣ್ರೀ! ಲೈಟ್ ಸಾಲಲ್ಲ, ಬಿಸ್ಲಿರೋ ತೋಟ ಹುಡ್ಕಿ, ಕಾಳಜಿ ಇರೋ ಮನುಷ್ಯನ್ನ ಹುಡ್ಕಿ ಅಂತ. ಎರಡೂ ನಮ್ ಸಂಘದಲ್ಲೇ ಇಟ್ಕೊಂಡು ಊರೆಲ್ಲಾ ಹುಡುಕ್ದೆ!" ಮ್ಯಾನೇಜರ್ ಕಣ್ಣಲ್ಲಿ ನೀರು. ಅದೇ ಭಾವುಕತೆಯಲ್ಲಿ ಲೆಟರನ್ನು ಎರಡಾಗಿ, ನಾಲ್ಕಾಗಿ ಹರಿದರು. "ನಿಮ್ಮನ್ನ ಅಲ್ಲಿಂದ ತೆಗೆದ್ರೆ ಪಾಪ ಬರುತ್ತೆ. ಇವತ್ತಿಂದ ಪ್ರಿನ್ಸ್ ನಿಮ್ಮನೇಲೇ. ಬೆಳಿಗ್ಗೆ ಕರ್ಕೊಂಡ್ ಹೋಗಿ, ಸಂಜೆ ಕರ್ಕೊಂಡ್ ಬನ್ನಿ. ಬಸ್ಸಲ್ಲಿ ಕಿಟಕಿ ಸೀಟು, ಅವ್ನಿಗೆ. ಏನಂತೀರಾ?"

ಹದಿನೆಂಟು ವರ್ಷದ ರೂಢಿ. ತಡೆಯುವಷ್ಟರಲ್ಲಿ ಬಾಯಿಂದ ಬಂದುಬಿಟ್ಟಿತ್ತು.

"ಆಗ್ಲಿ ಸಾರ್."

ಕಾರು ಹೋಯಿತು. ಕಾಂಪೌಂಡಿನ ಮೇಲಿಂದ ಗಂಗಲಕ್ಷ್ಮಮ್ಮ ಪಂಚಾಂಗ ಅಲ್ಲಾಡಿಸಿದರು. "ಪ್ರಯಾಣ ಅಂತ ನಾನ್ ಹೇಳ್ಲಿಲ್ವಾ?"

"ಪರಿಹಾರ ಮಾಡ್ಕೊಂಡಿದ್ನಲ್ರೀ!" ಸದಾಶಿವಯ್ಯ ಹೆಂಡತಿಯ ಕಡೆ ತಿರುಗಿದರು. "ಕಂಚಿ ಹಲ್ಲಿ ಮುಟ್ಟಿದ ಕೈ ಅಲ್ವೇನೇ ಇದು? ಎರಡು ಕೈಯಲ್ಲಿ ಹಿಡ್ಕೊಂಡಿದ್ದೆ!"

ದಾಕ್ಷಾಯಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಬೆಳಿಗ್ಗೇನೇ ಹೇಳೋಣ ಅಂತಿದ್ದೆ ರೀ... ಅವತ್ತು ಹಲ್ಲಿ ಹತ್ರ ಕ್ಯೂ ಅರ್ಧ ಮೈಲಿ ಇತ್ತು. ಎಲ್ಲಾರೂ ಕ್ಯೂನಲ್ ನಿಂತ್ರು. ನಾನು ಎದುರುಗಡೆ ಸೀರೆ ಅಂಗಡೀಲಿದ್ದೆ."

ಸದಾಶಿವಯ್ಯ ಕುರ್ಚಿಗೆ ಕುಸಿದರು. ತೆರೆದೇ ಇದ್ದ ಪಂಜರದಿಂದ ಪ್ರಿನ್ಸ್ ನಿಧಾನವಾಗಿ ಇಳಿದು ಬಂದು, ಒಂದು ಕ್ಷಣ ಯೋಚಿಸಿ, ಈ ಸಲ ಅವರ ಎಡಪಾದದ ಮೇಲೆ ಧೊಪ್ಪನೆ ಬಿದ್ದುಕೊಂಡು ಕಣ್ಣು ಮುಚ್ಚಿತು.

ಬಲದ್ದು ಹೋಗೋಕೆ. ಎಡದ್ದು ಬರೋಕೆ.