ಚಹಾ ಬೇಡವೆಂದ ತಂತ್ರಗಾರ

ಮೊದಲೇ ಹೇಳಿಬಿಡುತ್ತೇನೆ, ನನಗೆ ರಾಜಕೀಯ ಗೊತ್ತು. ಎಷ್ಟು ಗೊತ್ತು ಎಂದರೆ, ಯಾವ ಚುನಾವಣೆಯ ಫಲಿತಾಂಶ ಬಂದರೂ ಅದು ಹಾಗೇ ಏಕೆ ಬಂತು ಎಂದು ಅದೇ ಸಂಜೆ ಫೇಸ್‌ಬುಕ್ಕಿನಲ್ಲಿ ಹದಿನಾಲ್ಕು ಪ್ಯಾರಾ ಬರೆಯಬಲ್ಲೆ. ಫಲಿತಾಂಶಕ್ಕೆ ಮೊದಲೇ ಬರೆಯುವ ಚಟ ನನಗಿಲ್ಲ. ಅದು ಅವಸರದವರ ಕೆಲಸ. ಹೊಟ್ಟೆಪಾಡಿಗೆ ಹಾವೇರಿಯಲ್ಲಿ ಸೋಲಾರ್ ಹೀಟರ್ ಮಾರುತ್ತೇನೆ. ವಯಸ್ಸು ನಲವತ್ತೆಂಟು. ಈ ನಾಡು ನನ್ನನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬ ಸಣ್ಣ ಬೇಸರ ಬಿಟ್ಟರೆ ಆರೋಗ್ಯ ಚೆನ್ನಾಗಿದೆ.

ಹೀಗಿರುವಾಗ ಬ್ಯಾಡಗಿಯಲ್ಲಿ ಗಿರಿಜಕ್ಕ ವಾರ್ಡಿನ ಚುನಾವಣೆಗೆ ನಿಂತಳು. ಗಿರಿಜಕ್ಕ ಎಂದರೆ ನನ್ನ ಹೆಂಡತಿ ಸುಮಾಳ ಅಕ್ಕ. ನನಗೆ ಸೋದರಮಾವನ ಮಗಳೂ ಹೌದು, ಐದು ವರ್ಷ ದೊಡ್ಡವಳು. ಆದ್ದರಿಂದ ನನ್ನನ್ನು ಚಡ್ಡಿ ಹಾಕುವ ವಯಸ್ಸಿನಿಂದ ನೋಡಿದ್ದಾಳೆ, ಆ ಗೌರವವನ್ನೇ ಇಂದಿಗೂ ಕೊಡುತ್ತಾಳೆ. ಇಪ್ಪತ್ತು ವರ್ಷದಿಂದ ಮನೆಯಲ್ಲೇ ರವಿಕೆ, ನಮ್ಮ ಮಾತಿನಲ್ಲಿ ಜಂಪರ್, ಹೊಲಿಯುತ್ತಾಳೆ. ಹಿಂದಿನ ಓಣಿಗೆ ನೀರಿನ ನಳ ಬರಬೇಕು, ಅದಕ್ಕೆ ನಮ್ಮವಳೊಬ್ಬಳು ಪುರಸಭೆಯ ಒಳಗೆ ಹೋಗಿ ಕೂರಬೇಕು ಎಂದು ಓಣಿಯ ಹೆಣ್ಣುಮಕ್ಕಳೇ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದರು. ಗುರುತು ಕೂಡ ಹೊಲಿಗೆ ಯಂತ್ರವೇ ಸಿಕ್ಕಿತ್ತು. ವಾರ್ಡಿನ ಪ್ರತಿ ಹೆಣ್ಣುಮಗಳ ಅಳತೆ ಅವಳ ಪುಸ್ತಕದಲ್ಲಿತ್ತು. ಮತದಾರರ ಪಟ್ಟಿಯಲ್ಲಾದರೋ ಬರೀ ಹೆಸರು, ವಯಸ್ಸು.

ಸುಮ್ಮನಿದ್ದರೂ ಗೆಲ್ಲುವ ಅಭ್ಯರ್ಥಿ. ಇಂಥವರಿಗೆ ತಂತ್ರಗಾರನ ಅಗತ್ಯವೇ ಇರುವುದಿಲ್ಲ. ಅಗತ್ಯವಿಲ್ಲದ ಕಡೆಗೇ ನಾನು ಮೊದಲು ಹೋಗುವುದು.

ರಾಣೆಬೆನ್ನೂರಿನಲ್ಲಿ ಒಂದು ದೊಡ್ಡ ಬಿಳಿ ಬೋರ್ಡು ಕೊಂಡೆ. ಅದನ್ನು ರೈಲಿನಲ್ಲಿ ಅಡ್ಡಡ್ಡ ಹಿಡಿದುಕೊಂಡು, ಮೂವರ ಮಂಡಿಗೆ ತಾಗಿಸಿ, ಬ್ಯಾಡಗಿಯಲ್ಲಿ ಇಳಿದೆ. ಗಿರಿಜಕ್ಕನ ಹೊಲಿಗೆ ಕೋಣೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಗಿರಾಕಿಗಳು ಜಂಪರ್ ಹಾಕಿ ನೋಡುವ ಕನ್ನಡಿಯನ್ನು ಕೆಳಗಿಳಿಸಿ, ಆ ಮೊಳೆಗೆ ಬೋರ್ಡು ತೂಗುಹಾಕಿದೆ.

"ಕನ್ನಡಿ ಯಾಕ ತಗದೀ?" ಎಂದಳು ಗಿರಿಜಕ್ಕ.

"ಅಕ್ಕಾ, ಇನ್ನ ಮ್ಯಾಲ ಇದು ವಾರ್ ರೂಮು."

"ಹಂಗಂದ್ರ?"

"ಯುದ್ಧದ ಕೋಲಿ."

"ಯುದ್ಧ ಯಾರ ಕೂಡ? ಎದರಿಗಿ ನಿಂತಾಕೀದೂ ಮೂರು ಜಂಪರ್ ನನ್ನ ಕಡೇನ ಅದಾವು. ಬರೂ ವಾರ ಒಯ್ಯಾಕ ಬರ್ತಾಳ. ಎಲ್ಲಿ ನೋಡ್ಕೊಬೇಕು ಆಕಿ?"

ಇಂಥ ಸಣ್ಣ ಪ್ರಶ್ನೆಗಳಿಗೆ ತಂತ್ರಗಾರರು ಉತ್ತರಿಸುವುದಿಲ್ಲ.

ಮೊದಲು ಸಮೀಕ್ಷೆ ಮಾಡಿದೆ. ಎರಡು ದಿನ ಮನೆಮನೆಗೆ ಹೋಗಿ, ಯಾರಿಗೆ ಹಾಕುತ್ತೀರಿ ಎಂದು ನೇರವಾಗಿ ಕೇಳಿದೆ. "ನಿಮಗ ಹಾಕ್ತೀವಿ ತಗೋರಿ" ಎಂದರು. ಎಲ್ಲರೂ ಎಂದರು. ಬೋರ್ಡಿನ ಮೇಲೆ ಪ್ರತಿ ಮನೆಗೂ ಹಸಿರು ಬಣ್ಣ ಹಚ್ಚಿದೆ. ಎದುರಾಳಿ ಅಭ್ಯರ್ಥಿಯ ಮನೆಯಲ್ಲಿ ಅವಳ ಅತ್ತೆ ಬಾಗಿಲಲ್ಲೇ ಕೂತಿದ್ದರು. ಅವರೂ "ಹಾಕೋಣಂತ ಬಿಡಪಾ" ಎಂದರು. ಆ ಮನೆಯನ್ನೂ ಹಸಿರು ಮಾಡಿದೆ.

ಗಿರಿಜಕ್ಕನ ಗಂಡ ಬಸಣ್ಣ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಬ್ಬ ದಲಾಲರ ಅಂಗಡಿಯ ಗುಮಾಸ್ತ. ದಿನಕ್ಕೆ ಹತ್ತು ಮಾತು ಆಡುವ ಮನುಷ್ಯ. ಬೋರ್ಡನ್ನು ಬಹಳ ಹೊತ್ತು ನೋಡಿ, "ಶಂಕ್ರಪ್ಪ, ಬಾಗಲಕ್ಕ ಬಂದ ಮಂದಿಗೆ ಇಲ್ಲ ಅನ್ನೂ ರೂಢಿ ನಮ್ಮ ಕಡೆ ಇಲ್ಲಪಾ" ಎಂದ. ಅಂದಿನ ಹತ್ತು ಮಾತು ಅಲ್ಲಿಗೆ ಮುಗಿದವು.

ಆ ರೂಢಿಯ ಬಗ್ಗೆ ಅವತ್ತೇ ಸ್ವಲ್ಪ ಯೋಚಿಸಿದ್ದರೆ ಮುಂದಿನ ಕಥೆ ನಡೆಯುತ್ತಿರಲಿಲ್ಲ. ಆದರೆ ನಾನು ಆಗ ಲೆಕ್ಕದಲ್ಲಿ ಮುಳುಗಿದ್ದೆ. ಗಿರಿಜಕ್ಕ ಪ್ರಚಾರಕ್ಕೆ ಹೋದ ಮೊದಲ ದಿನ ಹಿಂದೆಯೇ ಹೋಗಿ ಮೊಬೈಲಿನಲ್ಲಿ ಸಮಯ ಹಿಡಿದಿದ್ದೆ. ಒಂದು ಮನೆಗೆ ಇಪ್ಪತ್ತೆರಡು ನಿಮಿಷ! ಕಾರಣ ಚಹಾ. ನಮ್ಮಲ್ಲಿ ಚಹಾ ಎಂದರೆ ಬರೀ ಚಹಾ ಅಲ್ಲ. ಮೊದಲು ನೀವು ಬೇಡ ಎನ್ನಬೇಕು. ಅವರು "ಅದೆಂಗ್ರಿ" ಎನ್ನಬೇಕು. ನೀವು ಅರ್ಧ ಕಪ್ಪು ಎನ್ನಬೇಕು, ಬಶಿಗೆ ಚೆಲ್ಲುವಷ್ಟು ತುಂಬಿದ ಕಪ್ಪು ಬರಬೇಕು. ಹಾಲಿಲ್ಲದಿದ್ದರೆ ಪಕ್ಕದ ಮನೆಯಿಂದ ತರಬೇಕು. ಹಾಲು ಕೊಟ್ಟ ತಪ್ಪಿಗೆ ಪಕ್ಕದ ಮನೆಯವರೂ ಬಂದು ಕೂತು ಮಾತಾಡಬೇಕು. ಈ ಲೆಕ್ಕದಲ್ಲಿ ವಾರ್ಡು ಮುಗಿಯುವ ಹೊತ್ತಿಗೆ ಗೆದ್ದವರ ಪ್ರಮಾಣವಚನವೇ ಆಗಿಹೋಗುತ್ತಿತ್ತು.

ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದೆ: ಮನೆಗೆ ಮೂರು ನಿಮಿಷ. ಚಹಾ ನಿಷೇಧ.

"ಚಾ ಕುಡಿಯದ ಹೆಂಗೋ ಎದ್ದು ಬರೂದು?" ಗಿರಿಜಕ್ಕ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. "ನಾ ಬರೇ ಅಳತಿ ತಗೊಳ್ಳಾಕ ಹೋದ್ರೂ ಕುಡದ ಬರ್ತೇನಿ."

"ಅಕ್ಕಾ, ಅದು ಹೊಲಿಗಿ. ಇದು ಕ್ಯಾಂಪೇನು."

ಅವತ್ತು ನನ್ನ ಜೊತೆ ಹಾವೇರಿಯಿಂದ ಬಂದಿದ್ದ ಸುಮಾ ಬಾಗಿಲಲ್ಲಿ ನಿಂತಿದ್ದಳು. "ಕುಡೀಲಿ ಬಿಡ್ರಿ. ನೀವು ಇಲ್ಲೀತನಕ ಯಾವ ಮನ್ಯಾಗ ಬ್ಯಾಡ ಅಂದೀರಿ? ಸತ್ತವ್ರ ಮನಿಗಿ ಮಾತಾಡ್ಸಾಕ ಹೋದಾಗೂ ಎರಡು ಕಪ್ಪು ಕುಡದ ಬಂದೀರಿ."

ಕುಟುಂಬದವರು ಭಾವನೆಯಿಂದ ಮಾತಾಡುತ್ತಾರೆ, ತಂತ್ರಗಾರ ಅಂಕಿಗಳಿಂದ ಮಾತಾಡುತ್ತಾನೆ ಎಂದು ಇಬ್ಬರಿಗೂ ವಿವರಿಸಿದೆ. ಓದಿದವನು ಹೇಳುತ್ತಿದ್ದಾನೆ, ಏನೋ ಇರಬಹುದು ಎಂದು ಗಿರಿಜಕ್ಕ ಒಪ್ಪಿಬಿಟ್ಟಳು. ಅವಳು ಮಾಡಿದ ತಪ್ಪು ಅದೊಂದೇ.

ಮರುದಿನ ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡು ಹೊರಟೆವು. ಮೂರನೆಯ ನಿಮಿಷಕ್ಕೆ ಗಂಟೆ ಹೊಡೆಯುತ್ತಿತ್ತು. ಹೊಡೆದ ಕೂಡಲೇ ಗಿರಿಜಕ್ಕ ಎದ್ದು, "ಚಾ ಬ್ಯಾಡ್ರಿ, ನಂದು ಆಗೇತಿ" ಎಂದು ಕೈ ಮುಗಿಯುತ್ತಿದ್ದಳು. ಒಲೆಯ ಮೇಲೆ ನೀರಿಟ್ಟವರು ಸೌಟು ಹಿಡಿದುಕೊಂಡು ನಿಂತೇ ಇರುತ್ತಿದ್ದರು. ಒಂದೇ ದಿನದಲ್ಲಿ ಮುಂದಿನ ಓಣಿ, ಹಿಂದಿನ ಓಣಿ ಎರಡೂ ಮುಗಿದವು. ರಾತ್ರಿ ಹಾವೇರಿಗೆ ಬಂದವನೇ, ದಕ್ಷತೆ ಎಂದರೇನು ಎಂಬ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದೆ. ಅದಕ್ಕೆ ಬಂದ ಲೈಕುಗಳಲ್ಲಿ ಬ್ಯಾಡಗಿಯದು ಒಂದೂ ಇರಲಿಲ್ಲ. ಅವರೆಲ್ಲ ಕೆಲಸದಲ್ಲಿರಬೇಕು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಹಿಂದಿನ ಓಣಿಯ ಒಬ್ಬ ಹೆಣ್ಣುಮಗಳು ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು, "ನನ್ನ ಜಂಪರ್ ಪೀಸ್ ಕೊಡ್ರಿ" ಎಂದಳು.

"ಇನ್ನಾ ಹೊಲದಿಲ್ಲಲ್ಲವ್ವ?"

"ಇರ್ಲಿ. ಹಂಗ ಕೊಡ್ರಿ."

ಹಿಂದೆಯೇ ಇನ್ನೊಬ್ಬಳು ಬಂದಳು. ನಂತರ ಇಬ್ಬರು ಕೂಡಿಯೇ ಬಂದರು. ಸಂಜೆಯ ಹೊತ್ತಿಗೆ ಯಂತ್ರದ ಪಕ್ಕದ ಬಟ್ಟೆಯ ಗುಡ್ಡೆ ಕರಗಿ, ಎದುರಾಳಿಯ ಮೂರು ಜಂಪರ್ ಮಾತ್ರ ಉಳಿದವು. ಗಿರಿಜಕ್ಕ ಕಾಲನ್ನು ಯಂತ್ರದ ಪೆಡಲಿನ ಮೇಲಿಟ್ಟುಕೊಂಡು, ತುಳಿಯದೆ ಕೂತಿದ್ದಳು. ಇಪ್ಪತ್ತು ವರ್ಷದಲ್ಲಿ ಆ ಯಂತ್ರ ಹಗಲು ಹೊತ್ತಿನಲ್ಲಿ ನಿಂತದ್ದನ್ನು ನಾನು ನೋಡಿರಲಿಲ್ಲ.

ಬಸಣ್ಣ ಸುದ್ದಿ ತಂದ. "ಓಟಿಗಿ ನಿಂತ ಮ್ಯಾಲ ಗಿರಿಜವ್ವ ನಮ್ಮ ಮನಿ ಚಾ ಮುಟ್ಟಂಗಿಲ್ಲ ಅನ್ನಾಕತ್ತಾರ ಓಣ್ಯಾಗ. ಅವ್ರ ಮಾತಿನ್ಯಾಗ ತಪ್ಪೇನೈತಿ? ಮುಟ್ಟಿಲ್ಲಲ್ಲ."

ಆಗ ಹೊಳೆಯಿತು. ಯಾರ ಮನೆಯ ಕಪ್ಪನ್ನು ಯಾರು ತುಟಿಗೆ ಇಡುತ್ತಾರೆ ಎಂಬುದಕ್ಕೂ ಬಾಯಾರಿಕೆಗೂ ನಮ್ಮಲ್ಲಿ ಸಂಬಂಧವಿಲ್ಲ. ಹಿಂದಿನ ಓಣಿಯವರು ಹತ್ತು ಮನೆಯ ಹೊರಗೆ ನಿಂತು, ಬೇರೆ ಇಟ್ಟ ಕಪ್ಪಿನಲ್ಲಿ ಕುಡಿದು, ತೊಳೆದಿಟ್ಟು ಬಂದವರು. ಅವರ ಮನೆಯೊಳಗೆ ಹೋಗಿ, ಅವರ ಚಾಪೆಯ ಮೇಲೆ ಕೂತು, ಅವರದೇ ಕಪ್ಪಿನಲ್ಲಿ ಕುಡಿದು, ಇನ್ನಷ್ಟು ಸಕ್ಕರೆ ಹಾಕು ಎಂದು ಬೈಯುತ್ತಿದ್ದವಳು ಗಿರಿಜಕ್ಕ. ಅವಳ ಪ್ರಣಾಳಿಕೆ ಎಂದರೆ ಅದೇ ಆಗಿತ್ತು. ಅದನ್ನು ನಾನು ಮನೆಗೆ ಮೂರು ನಿಮಿಷದಂತೆ ಅಳಿಸಿಕೊಂಡು ಬಂದಿದ್ದೆ.

ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಹಾವೇರಿಗೆ ಹೋಗಿದ್ದರೆ ಅರ್ಧ ಮರ್ಯಾದೆ ಉಳಿಯುತ್ತಿತ್ತು. ಆದರೆ ಬಿಕ್ಕಟ್ಟಿನ ನಿರ್ವಹಣೆ ಎಂಬುದು ತಂತ್ರಗಾರನ ಕರ್ತವ್ಯಗಳಲ್ಲಿ ಒಂದು. ವಾರ್ಡಿನ ವಾಟ್ಸಾಪ್ ಗುಂಪಿಗೆ ಪ್ರಕಟಣೆ ಬಿಟ್ಟೆ: "ಶ್ರೀಮತಿ ಗಿರಿಜಾ ಅವರು ಯಾರ ಮನೆಯ ಚಹಾವನ್ನೂ ಕೀಳಾಗಿ ಕಂಡಿರುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ." ಅಲ್ಲಿಯವರೆಗೆ ವಿಷಯ ಅರ್ಧ ವಾರ್ಡಿಗೆ ಗೊತ್ತಿತ್ತು. ಹತ್ತು ನಿಮಿಷದಲ್ಲಿ ಉಳಿದರ್ಧಕ್ಕೂ ಗೊತ್ತಾಯಿತು. "ಹಂಗಾರ ಸುದ್ದಿ ಖರೇನ ಐತಿ" ಎಂದು ಯಾರೋ ಕೆಳಗೆ ಬರೆದರು.

ಆದರೂ ಎದೆಗುಂದಲಿಲ್ಲ. ಅವರ ಮನೆಯಲ್ಲಿ ನಾವು ಕುಡಿಯದಿದ್ದರೆ ಏನಾಯಿತು, ನಾವೇ ಅವರಿಗೆ ಕುಡಿಸೋಣ ಎಂಬ ಮಹಾ ಯೋಚನೆ ಬಂತು. ಗಿರಿಜಕ್ಕನಿಗೆ ಹೇಳದೆ, ಹಿಂದಿನ ಓಣಿಯ ಬೇವಿನ ಮರದ ಕೆಳಗೆ ಟೇಬಲ್ಲು ಹಾಕಿ, ದೊಡ್ಡ ಫ್ಲಾಸ್ಕಿನಲ್ಲಿ ಚಹಾ ತರಿಸಿ, ಕಾಗದದ ಕಪ್ಪು ಜೋಡಿಸಿದೆ. ಚುನಾವಣೆಯ ನಿಯಮದಲ್ಲಿ ಹೀಗೆ ಚಹಾ ಕೊಡಬಹುದೋ ಇಲ್ಲವೋ ನೋಡಿರಲಿಲ್ಲ. ನೋಡುವ ಅಗತ್ಯವೂ ಬೀಳಲಿಲ್ಲ. ಕುಡಿಯಲು ಯಾರೂ ಬರಲಿಲ್ಲ.

ಒಂದು ಗಂಟೆಯ ನಂತರ ಫಕೀರವ್ವ ಬಂದಳು. ಆ ಓಣಿಗೆಲ್ಲ ಹಿರಿಯಳು, ಎಪ್ಪತ್ತು ದಾಟಿದವಳು. ಒಂದು ಕಪ್ಪು ಎತ್ತಿ ತಿರುಗಿಸಿ ನೋಡಿದಳು.

"ತಮ್ಮಾ, ನಮ್ಮ ಕಪ್ಪಿನ್ಯಾಗ ಆಕಿ ಕುಡಿಯಂಗಿಲ್ಲ. ನಮಗ ಕುಡದು ಒಗಿಯೂ ಕಪ್ಪು ಕಳಿಸ್ಯಾಳ. ತೊಳದಿಡೂ ಕೆಲಸಾನೂ ಉಳೀತು ನೋಡು. ಭಾಳ ಚಲೋ ಆತು."

ಕಪ್ಪನ್ನು ಇದ್ದ ಜಾಗದಲ್ಲೇ ಇಟ್ಟು ಹೋದಳು. ಫ್ಲಾಸ್ಕು ಹೊತ್ತುಕೊಂಡು ವಾಪಸ್ಸು ಬಂದಾಗ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಗಿರಿಜಕ್ಕ ಚಿಂದಿ ಬಟ್ಟೆಯಿಂದ ನನ್ನ ಬೋರ್ಡು ಒರೆಸುತ್ತಿದ್ದಳು. ಹಸಿರೂ ಹೋಯಿತು, ಕೆಂಪೂ ಹೋಯಿತು.

"ಶಂಕ್ರ್ಯಾ, ಚಪ್ಲಿ ಕಳೀಬ್ಯಾಡ. ನಡಿ."

"ಎಲ್ಲಿಗಕ್ಕಾ?"

"ಚಾ ಕುಡ್ಯಾಕ."

ಸೀದಾ ಫಕೀರವ್ವನ ಮನೆಗೇ ಕರೆದೊಯ್ದಳು. ಒಳಗೆ ಐದಾರು ಹೆಣ್ಣುಮಕ್ಕಳು ಮೆಣಸಿನಕಾಯಿಯ ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಗಿರಿಜಕ್ಕ ಚಾಪೆಯ ಮೇಲೆ ಕೂತು, ಒಂದೇ ಉಸಿರಿಗೆ ಹೇಳಿದಳು:

"ಫಕೀರವ್ವಾ, ಚಾ ಬ್ಯಾಡ ಅಂದಾಕಿ ನಾನ. ಅನ್ನು ಅಂತ ಹೇಳಿಕೊಟ್ಟಾವ ಇಂವ, ನಮ್ಮ ತಂಗಿ ಗಂಡ. ಹಾವೇರ್ಯಾಗ ಇರ್ತಾನ. ಚಾಕ್ಕ ಎಷ್ಟು ನಿಮಿಷ ಹತ್ತತಾವು ಅಂತ ಮೊಬೈಲ್ ಹಿಡದು ಲೆಕ್ಕಾ ಮಾಡ್ಯಾನ. ಶ್ಯಾಣ್ಯಾ ಅದಾನ ಅಂತ ಕೇಳಿದೆ ನೋಡು, ಅದು ನನ್ನ ತಪ್ಪು. ನಿನಗೇನ್ ಬೈಯೂದೈತಿ ಇವಗ ಬೈ. ನನಗ ಚಾ ಮಾಡಿಸು."

ಫಕೀರವ್ವ ಒಲೆಯ ಕಡೆಗೆ ತಿರುಗಿ, ಸೊಸೆಗೆ ಕಣ್ಣಿನಲ್ಲೇ ಹೇಳಿದಳು. ನಂತರ ನನ್ನ ಕಡೆಗೆ ತಿರುಗಿದಳು. ಆಕೆ ಏನೇನು ಅಂದಳು ಎಂಬುದನ್ನು ಇಲ್ಲಿ ಬರೆಯಲಾಗುವುದಿಲ್ಲ. ನನ್ನ ಫೇಸ್‌ಬುಕ್ ಅಕೌಂಟು ಮುಚ್ಚಿಬಿಡುತ್ತಾರೆ. ಕೊನೆಗೆ, "ಹಂಗ ಕೈ ಕಟಗೊಂಡು ಕುಂದರಬ್ಯಾಡ, ತೊಟ್ಟು ಬಿಡಸು" ಎಂದಳು. ಬಿಡಿಸಿದೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ ಎಂಬ ಧೈರ್ಯವಿತ್ತು. ಅವತ್ತಿನ ಚೀಲ ಹೊರಗಿನ ಖಾರದ ತಳಿ ಎಂದು ತಿಳಿದದ್ದು, ಬೆವರು ಒರೆಸಲು ಬೆರಳು ಕಣ್ಣಿಗೆ ಹೋದಾಗ!

ಧಾರಾಕಾರ ಸುರಿಯಿತು. ಮೂಗೂ ಜೊತೆಗೂಡಿತು.

"ಅಯ್ಯ, ಅಳಾಕತ್ತಾನಲ್ಲ ಪಾಪ" ಎಂದಳು ಒಬ್ಬಳು.

"ಭಾಳ ಬೈದ್ರಿ ಯವ್ವಾ ನೀವು. ಸಾಕ್ ಬಿಡ್ರಿ" ಎಂದಳು ಇನ್ನೊಬ್ಬಳು.

ನಾನು ನೀರಿನ ತಂಬಿಗೆಗೆ ಕೈ ಚಾಚಿದೆ. ಗಿರಿಜಕ್ಕ ಅದನ್ನು ಮೆಲ್ಲಗೆ ಆಚೆ ಸರಿಸಿದಳು. "ಅಳ್ಲಿ ಬಿಡ್ರಿ. ಅತ್ತರ ಹಗುರಾಗ್ತೈತಿ."

ಆ ಕ್ಷಣದಲ್ಲಿ, ಕುರುಡನಾಗಿದ್ದರೂ, ನನಗೆ ಸ್ಪಷ್ಟವಾಗಿ ಕಂಡಿತು. ಆ ಮನೆಯಲ್ಲಿ ತಂತ್ರಗಾರರು ಒಬ್ಬರೇ ಇದ್ದರು, ಅದು ನಾನಲ್ಲ.

ಮುಂದಿನ ಮೂರು ದಿನ ಮನೆ ಬಿಡದೆ ಮೆರವಣಿಗೆ ನಡೆಯಿತು. ಗಿರಿಜಕ್ಕ ಒಳಗೆ ಹೋಗಿ ನನ್ನನ್ನು ತೋರಿಸುವಳು. ಅವರು ಬೈಯುವರು. ಬೈದ ಮೇಲೆ ಚಹಾ ಬರುವುದು, ನನಗೂ ಒಂದು. ಶುಂಠಿ ಹಾಕಿದ ಚಹಾ, ಬೆಲ್ಲದ ಚಹಾ, ಚಮಚ ನಿಲ್ಲುವಷ್ಟು ಸಕ್ಕರೆಯ ಚಹಾ. ನನ್ನ ಹೊಟ್ಟೆ ನನ್ನೊಡನೆ ಮಾತು ಬಿಟ್ಟಿತು. ರಾಶಿ ಇದ್ದ ಮನೆಯಲ್ಲೆಲ್ಲ ಗಿರಿಜಕ್ಕ, "ಸುಮ್ನ ಯಾಕ ಕುಂತಿ, ನಾಕು ಕಾಯಿ ಬಿಡಸು" ಎಂದು ಮರೆಯದೆ ನೆನಪಿಸುತ್ತಿದ್ದಳು. ಎರಡನೆಯ ದಿನ ಸುಮಾ ಕೆಲಸ ಬಿಟ್ಟು ಹಾವೇರಿಯಿಂದ ಬಂದಳು. ಅಕ್ಕನಿಗೆ ಸಹಾಯ ಮಾಡಲು ಎಂದಳು. ಆದರೆ ಪ್ರತಿ ಮನೆಯಲ್ಲೂ ನನ್ನ ಮುಖ ಕಾಣುವ ಜಾಗವನ್ನೇ ಹುಡುಕಿ ಕೂತಳು.

ಮೂರನೆಯ ದಿನ ಸಂಜೆ, ಮೊದಲು ಪೀಸ್ ಒಯ್ದಿದ್ದ ಹೆಣ್ಣುಮಗಳು ಮತ್ತೆ ಬಂದಳು. ಈ ಸಲ ಒಳಗೇ ಬಂದಳು. ಬಟ್ಟೆಯನ್ನು ಯಂತ್ರದ ಮೇಲಿಟ್ಟು, "ತೋಳು ಸ್ವಲ್ಪ ಉದ್ದ ಇರ್ಲಿ ಅಕ್ಕಾರ" ಎಂದಳು. ಗಿರಿಜಕ್ಕ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಎದ್ದಳು. ಅವಳ ಚುನಾವಣೆ ಮುಗಿದದ್ದು ಅವತ್ತು.

ಮತ ಎಣಿಕೆ ನಂತರದ ಮಾತು. ಗೆದ್ದಳು. ಅಂತರ ಎಣಿಸಲು ಎರಡು ಕೈಯ ಬೆರಳು ಸಾಕಾದವು. ಆ ಬೆರಳುಗಳಲ್ಲಿ ಎಷ್ಟು ನನ್ನ ಕಣ್ಣೀರಿನದು ಎಂಬ ಬಗ್ಗೆ ಸಮೀಕ್ಷೆ ಮಾಡೋಣವೇ ಎಂದು ಕೇಳಿದೆ. ಗಿರಿಜಕ್ಕ ಬೋರ್ಡು ಇಳಿಸಿ, ಕನ್ನಡಿಯನ್ನು ಮತ್ತೆ ಆ ಮೊಳೆಗೆ ತೂಗುಹಾಕಿದಳು.

ಕಳೆದ ವಾರ ಐರಣಿ ಎಂಬ ಹಳ್ಳಿಯಿಂದ ಒಂದು ಫೋನು ಬಂತು.

"ಬ್ಯಾಡಗ್ಯಾಗ ಗಿರಿಜವ್ವನ ಎಲೆಕ್ಷನ್ ಮಾಡಿದಾವ್ರು ನೀವ ಅಲ್ಲೇನ್ರಿ?"

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. "ಹೌದ್ರಿ. ಹೇಳ್ರಿ."

"ನಮ್ಮ ಸೊಸಿನ್ನ ಪಂಚಾಯ್ತಿಗಿ ನಿಲ್ಲಿಸಬೇಕಂತ ಮಾಡೀವ್ರಿ."

"ಮೊದಲ ಒಂದು ಸಮೀಕ್ಷಾ ಮಾಡೂಣ್ರಿ. ಆಮ್ಯಾಲ..."

"ಅದೇನೂ ಬ್ಯಾಡ್ರಿ. ನಮ್ಮ ಸೊಸಿ ಮಾತು ಸ್ವಲ್ಪ ಬಿರುಸು. ಊರಾಗ ಎಂಟ್ಹತ್ತು ಮನಿಯಾವ್ರು ಸಿಟ್ಟಾಗ್ಯಾರ. ಹಂಗ ಮಾತಾಡು ಅಂತ ಹೇಳಿಕೊಟ್ಟಾವ್ರು ನೀವ ಅಂತ ತೋರಿಸ್ತೀವಿ. ಬಂದು ಬೈಸ್ಕೊಂಡು ಹೋಗ್ರಿ, ಸಾಕು."

"ನಾ ಆಕಿ ಮಾರಿನೂ ನೋಡಿಲ್ಲಲ್ರಿ. ಮಂದಿ ನಂಬ್ತಾರೇನ್ರಿ?"

"ನಿಮ್ಮ ಹೆಸರು ಹೇಳಿದ್ರ ನಂಬ್ತಾರ್ರಿ" ಎಂದರು ಅವರು, ಬಹಳ ಗೌರವದಿಂದ.

ತಂತ್ರಗಾರನಿಗೂ ಸ್ವಾಭಿಮಾನ ಎಂಬುದೊಂದು ಇರುತ್ತದೆ. ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ. ಗಂಟಲು ಸರಿಮಾಡಿಕೊಂಡೆ. ಒಳಗೆ ಸುಮಾ ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆ.

"ಯಾವತ್ತು ಬರಬೇಕ್ರಿ?" ಎಂದು ಕೇಳಿದೆ.