ನೆಲಕ್ಕೆ ಬೂತಾಯಿ ಎಣ್ಣೆ

"ಮಿಸ್ತ್ರಿ ಯಾಕೆ? ನಾನಿಲ್ವಾ?"

ಹೀಗೆಂದು ನಾನು ಗರ್ಜಿಸಿದ್ದು ಮುಂಬಯಿಯ ಬೈಕುಲ್ಲಾದ ಚಾಳಿನಲ್ಲಿ, ಎರಡನೇ ಮಾಳಿಗೆಯ ನಮ್ಮ ಒಂದೇ ಒಂದು ಖೋಲಿಯಲ್ಲಿ, ಧರ್ಮಪತ್ನಿ ವಾರಿಜಾಳ ಸಮ್ಮುಖದಲ್ಲಿ. ಗರ್ಜನೆಗೆ ಕಾರಣ ನಮ್ಮ ನೆಲ. ಹಳೇ ಚಾಳು, ಮರದ ಹಲಗೆಯ ನೆಲ. ಬಂದವರು ಯಾರೇ ಕೂರಲಿ, ಸಿಬಿರು ಚುಚ್ಚದೆ ಆ ಹಲಗೆಗಳು ಅವರನ್ನು ಕಳಿಸುತ್ತಿರಲಿಲ್ಲ!

ಬರುವ ಭಾನುವಾರ ಶ್ರಾವಣದ ಸತ್ಯನಾರಾಯಣ ಪೂಜೆ. ವಾರಿಜಾಳಿಗೆ ಒಂದೇ ಆಸೆ: ಕೆಳಗಿನ ಖೋಲಿಯ ಕಾಶವ್ವ ಬಂದು ನಮ್ಮಲ್ಲಿ ಕೂತು ಪ್ರಸಾದ ತಿನ್ನಬೇಕು. ಕಾಶವ್ವ ಮತ್ತು ಅವರ ಯಜಮಾನರು ಸಿದ್ದಲಿಂಗಪ್ಪ ಧಾರವಾಡದ ಕಡೆಯವರು, ಶುದ್ಧ ಸಸ್ಯಾಹಾರಿಗಳು. ನಾವೋ ಮಲ್ಪೆಯ ಮೀನಿನ ಮಂದಿ. ಮೆಟ್ಟಿಲಲ್ಲಿ ಸಿಕ್ಕರೆ ಕಾಶವ್ವ ನಗುತ್ತಾರೆ, ಶೇಂಗಾ ಚಟ್ನಿ ಕೊಡುತ್ತಾರೆ, ಆದರೆ ನಮ್ಮ ಹೊಸ್ತಿಲು ದಾಟಿದವರಲ್ಲ. ಶ್ರಾವಣದಲ್ಲಿ ನಾವೂ ಮೀನು ಬಿಡುತ್ತೇವಲ್ಲ, ಹಾಗಾಗಿ ಈ ಸಲ ಬರುತ್ತೇನೆ ಎಂದು ಕಾಶವ್ವ ಒಪ್ಪಿದ್ದರು.

"ಅವರಿಗೆ ಸಿಬಿರು ಚುಚ್ಚಿದ್ರೆ ನಾನು ಮುಖ ತೋರಿಸೋದು ಹೇಗೆ? ಮಿಸ್ತ್ರಿಯನ್ನು ಕರೆಸಿ" ಎಂದಳು ವಾರಿಜಾ.

ಮಿಸ್ತ್ರಿ ಹೇಳಿದ ಕೂಲಿ ಕೇಳಿದರೆ ನೆಲಕ್ಕೆ ಬೆಳ್ಳಿಯ ತಗಡು ಹೊದಿಸುತ್ತಾನೇನೋ ಎನ್ನಿಸುತ್ತಿತ್ತು. "ನಾನು ಯಾರ ಮೊಮ್ಮಗ ಗೊತ್ತುಂಟಾ? ಅಂಗಾರಜ್ಜ ಕಟ್ಟಿದ ದೋಣಿ ಇವತ್ತಿಗೂ ಮಲ್ಪೆಯಲ್ಲಿ ತೇಲ್ತಾ ಉಂಟು!"

"ಆ ದೋಣಿಯಲ್ಲಿ ಕೂತ್ರೆ ನೀವು ವಾಂತಿ ಮಾಡ್ತಿದ್ರಂತೆ. ಅತ್ತೆಯೇ ಹೇಳಿದ್ದಾರೆ."

ಇಂಥ ಮಾತಿಗೆಲ್ಲ ಕುಗ್ಗುವ ಜೀವ ನನ್ನದಲ್ಲ. ಅಸಲಿಗೆ ಒಂದು ಕಡೆ ಕೂರುವ ಜೀವವೇ ಅಲ್ಲ! ಸುಮ್ಮನೆ ಕೂತರೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ಆ ಕ್ಷಣವೇ ಮರಳುಕಾಗದ ತಂದು ಹಲಗೆ ಉಜ್ಜತೊಡಗಿದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸಿದ್ದಲಿಂಗಪ್ಪನವರ ಕೂಗು.

"ಅಣ್ಣುರಾವ್ರ! ನಮ್ಮ ರೊಟ್ಟಿ ಹಿಟ್ಟಿನ್ಯಾಗ ಏನೋ ಉದರಾಕ ಹತ್ತೇತ್ರಿ!"

ಅಷ್ಟಕ್ಕೇ ನನಗೆ ಬುದ್ಧಿ ಬರಬೇಕಿತ್ತು. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು, ನಮ್ಮ ನೆಲವೇ ಅವರ ಸೂರು. ಬುದ್ಧಿ ಬರಲಿಲ್ಲ. "ಕ್ಷಮಿಸಿ" ಎಂದು ಕೂಗಿ ಇನ್ನೂ ಜೋರಾಗಿ ಉಜ್ಜಿದೆ.

ಉಜ್ಜಿದ ಮರಕ್ಕೆ ವಾರ್ನಿಶ್ ಬೇಕು. ಅಂಗಡಿಯವನು ಹೇಳಿದ ಬೆಲೆ ಕೇಳಿ ಅಜ್ಜನ ನೆನಪಾಯಿತು. ಅಜ್ಜ ದೋಣಿಗೆ ವಾರ್ನಿಶ್ ಹಚ್ಚುತ್ತಿದ್ದರೇ? ಇಲ್ಲ! ಬೂತಾಯಿ ಮೀನನ್ನು ಬೇಯಿಸಿ ತೆಗೆದ ಎಣ್ಣೆ! ಕಡಲಿನ ಉಪ್ಪುನೀರಿಗೇ ಜಗ್ಗದ ಎಣ್ಣೆ ಬೈಕುಲ್ಲಾದ ಹೆಂಗಸರಿಗೆ ಜಗ್ಗುತ್ತದೆಯೇ? ಬಂದರಿಗೆ ಓಡಿದೆ. ಊರಿನ ಪೂವಪ್ಪ ಅಲ್ಲಿ ದೋಣಿಗಳ ಕೆಲಸಕ್ಕಿದ್ದ. ಪುಕ್ಕಟೆಯಾಗಿ ಒಂದು ಡಬ್ಬಿ ತುಂಬಿಸಿಕೊಟ್ಟ. ವಾಪಸು ಬರುವಾಗ ಕಿಕ್ಕಿರಿದ ಟ್ರಾಮಿನಲ್ಲಿ ಜನರೆಲ್ಲ ಎದ್ದು ದೂರ ಸರಿದು ನನಗೊಬ್ಬನಿಗೇ ಇಡೀ ಬೆಂಚು ಬಿಟ್ಟುಕೊಟ್ಟರು. ಮುಂಬಯಿಯಲ್ಲಿ ಕೆಲಸಗಾರನಿಗೆ ಎಂಥ ಮರ್ಯಾದೆ ಎಂದು ಹಿಗ್ಗಿದೆ!

ಪೂಜೆಯ ಸಾಮಾನಿಗೆ ಹೋಗಿದ್ದ ವಾರಿಜಾ ಮರಳುವಷ್ಟರಲ್ಲಿ ನೆಲ ಮಿರಮಿರ ಮಿಂಚುತ್ತಿತ್ತು. ಅವಳು ಬಾಗಿಲಲ್ಲೇ ಸೆರಗು ಮೂಗಿಗೆ ಹಿಡಿದಳು.

"ಎಂತ ಇದು?"

"ಬೂತಾಯಿ ಎಣ್ಣೆ. ನಾಳೆಗೆ ಒಣಗ್ತದೆ."

"ಶ್ರಾವಣದಲ್ಲಿ? ಪೂಜೆಯ ನೆಲಕ್ಕೆ? ಮೀನು?"

"ಮೀನಲ್ಲ ಮಾರಾಯ್ತಿ, ಎಣ್ಣೆ!"

"ದೋಣಿಗೆ ಬಿಸಿಲುಂಟು, ಕಡಲಗಾಳಿ ಉಂಟು. ನಮ್ಮ ಖೋಲಿಗೆ ಎಂತ ಉಂಟು?"

ನಮ್ಮ ಖೋಲಿಗೆ ಮಳೆ ಇತ್ತು. ಮರುದಿನವೂ ನೆಲ ಒಣಗಲಿಲ್ಲ. ಮೂಗು ಮಾತ್ರ ಉರಿಯತೊಡಗಿತು. ಕೊನೆಗೆ ಇಬ್ಬರೂ ಸೇರಿ ಸೀಗೆಪುಡಿ ಚೆಲ್ಲಿ ಬಿಸಿನೀರು ಸುರಿದು ನೆಲ ತಿಕ್ಕಿದೆವು. ಎಣ್ಣೆ ಹೋಯಿತು! ಎಲ್ಲಿಗೆ ಎಂದು ನಾನು ಕೇಳಿಕೊಳ್ಳಲಿಲ್ಲ. ಹಲಗೆಯ ಸಂದುಗಳಲ್ಲಿ ಇಳಿದು ಕಾಶವ್ವನವರ ಮನೆಗೆ ಹೋಗಿತ್ತು.

ಸಂಜೆಗೆ ಬೆಕ್ಕುಗಳು ಬಂದವು. ಮಾರ್ಕೆಟ್ಟಿನ ಕರಿ ಬೆಕ್ಕು, ಕಿವಿ ಹರಿದ ಬೆಕ್ಕು, ಬಸುರಿ ಬೆಕ್ಕು, ಬೈಕುಲ್ಲಾದ ಬೆಕ್ಕಿನ ಕುಲಕೋಟಿಯೆಲ್ಲ ಕಾಶವ್ವನವರ ಬಾಗಿಲ ಮುಂದೆ ಕೂತು ಒಕ್ಕೊರಲಿನಿಂದ ಕೂಗತೊಡಗಿದವು. ಮರುದಿನ ಬೆಳಿಗ್ಗೆ ನಳದಿಂದ ನೀರು ತಂದ ವಾರಿಜಾಳ ಕಣ್ಣಲ್ಲೂ ನೀರು.

"ನಳದ ಹತ್ತಿರ ಎಲ್ಲರ ಎದುರಿಗೆ ಆಚೆ ಖೋಲಿಯ ಗಂಗುಬಾಯಿ ಕಾಶವ್ವನಿಗೆ ಕೇಳಿದ್ಲು, ‘ಏನವ್ವಾ, ಶ್ರಾವಣದಾಗ ಕದ್ದು ಮೀನಿನ ಅಡಗಿ ಚಾಲೂ ಮಾಡೀಯೇನ?’ ಅಂತ. ಇಡೀ ಚಾಳು ನಕ್ತು. ಅವರು ಒಂದು ಮಾತೂ ಆಡದೆ ಕೊಡ ಎತ್ತಿಕೊಂಡು ಹೋದ್ರು."

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ. ಗ್ಯಾಲರಿಗೆ ಹೋಗಿ ಬಂದೆ. ಚಹಾ ಕುಡಿಯಲು ಕೂತು ಕುಡಿಯದೆ ಎದ್ದೆ.

"ಪೂಜೆ ಮುಗಿದ ಮೇಲೆ ಹೇಳಿದ್ರಾಯ್ತು" ಎಂದೆ.

"ಅವರ ಮಾನ ಅಲ್ಲಿವರೆಗೆ ಕಾಯ್ತದಾ?"

ಇಳಿದು ಹೋದೆ. ಬೆಕ್ಕುಗಳು ನನ್ನ ಕಾಲು ಮೂಸಿ, ಹಳೇ ಗೆಳೆಯನೆಂದು ದಾರಿ ಬಿಟ್ಟವು. ಕಾಶವ್ವ ನೆಲ ಒರೆಸುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. "ತಾಯಿ, ನಮ್ಮ ಅಜ್ಜ ಮಲ್ಪೆಯಲ್ಲಿ ದೋಣಿ ಕಟ್ಟುತ್ತಿದ್ದರು..."

"ಅಜ್ಜನ ಸುದ್ದಿ ಆಮ್ಯಾಲ ಹೇಳ್ರಿ. ಮದಲ ಆ ಎಣ್ಣಿ ಡಬ್ಬಿ ಎಲ್ಲೈತಿ ಹೇಳ್ರಿ."

"ನಿಮಗೆ ಗೊತ್ತಿತ್ತಾ?"

"ಮ್ಯಾಲಿಂದ ತೊಟ್ಟಿಕ್ಕಿದ್ದು ಮ್ಯಾಲಿನವರದ ಅಲ್ಲೇನ್ರಿ?"

"ಮತ್ತೆ ನಳದ ಹತ್ತಿರ ಯಾಕೆ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಪೂಜಾಕ್ಕ ಯಾರ ಬರತಿದ್ರು? ವಾರಿಜಾ ಪಾಪ, ಎಷ್ಟ ಆಸೆ ಮಾಡ್ಯಾಳ."

ನಾಚಿಕೆಯಿಂದ ನೆಲದೊಳಗೆ ಇಳಿದುಹೋಗೋಣವೆಂದರೆ ಅದೂ ಎಣ್ಣೆಯಂತೆ ಇನ್ನೊಬ್ಬರ ಮನೆಗೇ ಇಳಿಯಬೇಕಲ್ಲ! ಸೀದಾ ಗ್ಯಾಲರಿಗೆ ಬಂದು ಇಡೀ ಚಾಳಿಗೆ ಕೇಳುವಂತೆ ಕೂಗಿದೆ: "ಮೀನಿನ ವಾಸನೆ ನನ್ನದು! ಎಣ್ಣೆ ನನ್ನದು! ಬೆಕ್ಕುಗಳೂ ನನ್ನವೇ!" ಚಾಳು ಮತ್ತೆ ನಕ್ಕಿತು. ಈ ಸಲ ಕಾಶವ್ವನೂ ನಕ್ಕರು.

ನಕ್ಕವರೇ ತೀರ್ಪು ಕೊಟ್ಟರು. ಪೂಜೆ ಅವರ ಮನೆಯಲ್ಲಿ! ಅವರಲ್ಲಿ ಸುಣ್ಣ ಬಳಿದು ಲೋಬಾನ ಹಾಕಿದರೆ ವಾಸನೆ ಹೋಗುತ್ತದೆ, ನಮ್ಮಲ್ಲಿ ಹೋಗುವ ಲಕ್ಷಣವಿಲ್ಲ. ಬೆಕ್ಕುಗಳಿಗೂ ವ್ಯವಸ್ಥೆಯಾಯಿತು. ಉಳಿದ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ನಮ್ಮ ಖೋಲಿಯ ನಡುವೆ ಇಡುವುದು. ಬೆಕ್ಕುಗಳೆಲ್ಲ ಮೇಲೇರಿದ ಮೇಲೆ ಹೊರಗಿನಿಂದ ಚಿಲಕ ಹಾಕುವುದು.

"ಡಬ್ಬಿ ಉರುಳಿಸಿದರೆ?" ಎಂದು ಸಿದ್ದಲಿಂಗಪ್ಪ ಕೇಳಿದರು.

"ಇವರು ಒಳಗೇ ಇರ್ತಾರೆ" ಎಂದಳು ವಾರಿಜಾ, ನನ್ನ ಕಡೆ ನೋಡದೆ.

ಹೀಗೆ ನನ್ನ ಮನೆಯ ಪೂಜೆಯನ್ನು ನಾನು ಹಲಗೆಯ ಸಂದಿನಿಂದ ಕೇಳಿದೆ. ಮಡಿಲಲ್ಲಿ ಡಬ್ಬಿ, ಸುತ್ತ ಬೆಕ್ಕುಗಳು. ಕಾಲು ಜೋಮು ಹಿಡಿದು ಒಂದಿಷ್ಟು ಸರಿದೆನೋ ಇಲ್ಲವೋ, ಕೆಳಗಿನಿಂದ ಸಿದ್ದಲಿಂಗಪ್ಪನವರ ದನಿ: "ಅಣ್ಣುರಾವ್ರ, ಅಳ್ಳಾಡಬ್ಯಾಡ್ರಿ! ಪ್ರಸಾದದಾಗ ಧೂಳ ಬೀಳತೈತಿ!" ಕೆಮ್ಮಿದೆ. "ಅಣ್ಣುರಾವ್ರ!" ಬೆನ್ನು ಕೆರೆದೆ. "ಅಣ್ಣುರಾವ್ರ!" ಕಥೆಯ ಅಧ್ಯಾಯ ಅಧ್ಯಾಯಕ್ಕೂ ದೇವರ ಹೆಸರಿಗಿಂತ ನನ್ನ ಹೆಸರೇ ಹೆಚ್ಚು ಕೇಳಿಸಿತು.

ಕೊನೆಗೆ ಚಿಲಕ ತೆರೆಯಿತು. ಪ್ರಸಾದದ ತಟ್ಟೆ ಹಿಡಿದ ವಾರಿಜಾಳ ಮುಖ ನೋಡುವಂತಿತ್ತು. "ಕಾಶವ್ವ ನನ್ನ ಪಕ್ಕದಲ್ಲೇ ಕೂತು ತಿಂದ್ರು. ನಾನು ಮಾಡಿದ ಸಪಾದ ಭಕ್ಷ್ಯ ಎರಡನೇ ಸಲ ಕೇಳಿ ಹಾಕಿಸಿಕೊಂಡ್ರು!" ಎಂದಳು. ಅವಳ ಸಂತೋಷ ಕಂಡು ನನಗೂ ಸಂತೋಷವಾಗಿ, ಹಸಿವೂ ಆಗಿ, ತಟ್ಟೆಗೆ ಕೈ ಚಾಚಿದೆ.

ಅವಳು ತಟ್ಟೆ ಹಿಂದಕ್ಕೆಳೆದಳು. "ತಡೀರಿ. ಮೊದಲು ಬೆಕ್ಕುಗಳಿಗೆ."

"ಯಾಕೆ?"

"ಕಾಶವ್ವನ ಅಪ್ಪಣೆ. ಮೇಲೆ ಕೂತವರಲ್ಲಿ ಸುಮ್ಮನೆ ಕೂತು ಕಥೆ ಕೇಳಿದ್ದು ಅವು ಮಾತ್ರವಂತೆ."